454 ಎಂಜಿನ್‌ಗೆ ಪಾರ್ಟ್ಸ್ ಆರಿಸುವಾಗ ಹಿಂದಿನ ಚಕ್ರದಿಂದ ಶುರು ಮಾಡಿ

ಪ್ರಶ್ನೆ: ಸರ್, ನಮಸ್ಕಾರ. ನಾನು ಹಾಸನದವನು, ಈಗ ಡಲ್ಲಾಸ್ ಹತ್ತಿರ ಇದ್ದೇನೆ. ಹೋದ ವರ್ಷ 1969ರ ಶೆವೆಲ್ ಮಾಲಿಬು ಕೊಂಡೆ. ಅದರಲ್ಲಿ 454 ಬಿಗ್ ಬ್ಲಾಕ್ ಎಂಜಿನ್ ಇದೆ. ಯಾವುದೋ ಶೆವ್ರೊಲೆ ಟ್ರಕ್ಕಿನಿಂದ ತೆಗೆದು ಹಾಕಿದ್ದು ಎಂದು ಹಳೇ ಮಾಲೀಕರು ಹೇಳಿದರು. ಟರ್ಬೊ 400 ಆಟೊಮ್ಯಾಟಿಕ್ ಗೇರ್‌ಬಾಕ್ಸ್, 3.31 ಅನುಪಾತದ ಡಿಫರೆನ್ಷಿಯಲ್, ಪವರ್ ಬ್ರೇಕ್, ಎಸಿ ಎಲ್ಲಾ ಇದೆ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡುತ್ತೇನೆ, ಆಗಾಗ ಹೈವೇಯಲ್ಲೂ ಹೋಗುತ್ತೇನೆ. ಗಾಡಿ ಚೆನ್ನಾಗಿ ಓಡುತ್ತದೆ, ಆದರೆ ಇಷ್ಟು ದೊಡ್ಡ ಎಂಜಿನ್‌ಗೆ ಇರಬೇಕಾದ ಪಿಕಪ್ ಇಲ್ಲ. 500 ಎಚ್‌ಪಿ ಬೇಕೆಂಬ ಆಸೆ. ಸ್ನೇಹಿತರೊಬ್ಬರು ಪಟ್ಟಿ ಕೊಟ್ಟಿದ್ದಾರೆ: 305 ಡಿಗ್ರಿ ಡ್ಯುರೇಷನ್‌ನ (ವಾಲ್ವ್ ತೆರೆದಿರುವ ಅವಧಿಯ) ಕ್ಯಾಮ್, ರೆಕ್ಟ್ಯಾಂಗಲ್ ಪೋರ್ಟ್ (ಆಯತಾಕಾರದ ಗಾಳಿ ದಾರಿಯ) ಹೆಡ್, ಸಿಂಗಲ್ ಪ್ಲೇನ್ ಮ್ಯಾನಿಫೋಲ್ಡ್ (ಗಾಳಿ ಹಂಚುವ ಕೊಳವೆ), 850 ಸಿಎಫ್‌ಎಂ (ನಿಮಿಷಕ್ಕೆ 850 ಘನ ಅಡಿ ಗಾಳಿ) ಡಬಲ್ ಪಂಪರ್ ಕಾರ್ಬೊರೇಟರ್. ಕೊಳ್ಳಬಹುದಾ?

ಉತ್ತರ: ಆ ಪಟ್ಟಿಯಲ್ಲಿ ಕೆಟ್ಟ ಪಾರ್ಟ್ ಒಂದೂ ಇಲ್ಲ. ಆದರೂ ದಯವಿಟ್ಟು ಈಗಲೇ ಯಾವುದನ್ನೂ ಕೊಳ್ಳಬೇಡಿ. ಅದು ಕಾಲು ಮೈಲಿ ರೇಸ್ ಓಡುವ ಗಾಡಿಯ ಪಟ್ಟಿ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ನಿಮ್ಮ ಶೆವೆಲ್‌ಗೆ ಅದನ್ನು ಹಾಕಿದರೆ ಈಗ ಇರುವ ಎಳೆತವೂ ಹೋಗುತ್ತದೆ. ಸಾವಿರಾರು ಡಾಲರ್ ಸುರಿದು ಗಾಡಿಯನ್ನು ಮೊದಲಿಗಿಂತ ನಿಧಾನ ಮಾಡಿಕೊಂಡವರನ್ನು ಬಹಳ ಜನ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಾನು ಕೆಲಸ ಕಲಿತದ್ದು ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ, ಅಂಬಾಸಿಡರ್ ಎಂಜಿನ್ ಬಿಚ್ಚುತ್ತಾ. ಅದು 1489 ಸಿಸಿ. ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ 454ರ ಪಿಸ್ಟನ್ ಕೈಗೆ ತೆಗೆದುಕೊಂಡಾಗ ಅಂಗೈ ತುಂಬಿ ಹೋಯಿತು. 4.25 ಇಂಚು ಬೋರ್, 4 ಇಂಚು ಸ್ಟ್ರೋಕ್, 8 ಸಿಲಿಂಡರ್. ಒಟ್ಟು 454 ಘನ ಇಂಚು, ಅಂದರೆ 7.4 ಲೀಟರ್. ಸರಿಯಾಗಿ ಐದು ಅಂಬಾಸಿಡರ್ ಎಂಜಿನ್ ಸೇರಿದಷ್ಟು! ಈ ಗಾತ್ರವೇ ನಿಮ್ಮ ಆಸ್ತಿ. ಸಿಗ್ನಲ್‌ನಿಂದ ಕಾಲಿಟ್ಟ ತಕ್ಷಣ ಬೆನ್ನು ಸೀಟಿಗೆ ಅಂಟುತ್ತದಲ್ಲ, ಆ ಎಳೆತ ಕೊಡುವುದು ಇದೇ ಗಾತ್ರ. ಅದನ್ನು ಉಳಿಸಿಕೊಂಡು ಮೇಲಿನ ಆರ್‌ಪಿಎಂನಲ್ಲಿ ಉಸಿರಾಟ ಸರಿ ಮಾಡಬೇಕು. ನಿಮಗೆ ಬೇಕಾದ ಕೆಲಸ ಅಷ್ಟೇ.

ಎಂಜಿನ್ ಪಾರ್ಟ್ಸ್ ಆರಿಸುವುದು ಹೆಣ್ಣು ಗಂಡು ಜಾತಕ ನೋಡಿದ ಹಾಗೆ. ಇಬ್ಬರೂ ಒಳ್ಳೆಯವರೇ ಇರಬಹುದು, ಕೂಡಿ ಬರಬೇಕಲ್ಲ. ಡಿಫರೆನ್ಷಿಯಲ್, ಕನ್ವರ್ಟರ್ (ಎಂಜಿನ್‌ಗೂ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೂ ನಡುವಿನ ಜೋಡಣೆ), ಕಂಪ್ರೆಷನ್ (ಪಿಸ್ಟನ್ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು), ಹೆಡ್, ಕ್ಯಾಮ್, ಕಾರ್ಬೊರೇಟರ್ ಎಲ್ಲವೂ ಒಂದೇ ಆರ್‌ಪಿಎಂ ವ್ಯಾಪ್ತಿಯಲ್ಲಿ ಕೆಲಸ ಮಾಡಬೇಕು. ಆ ವ್ಯಾಪ್ತಿ ಯಾವುದು ಎಂದು ನಿರ್ಧರಿಸುವುದು ಹಿಂದಿನ ಚಕ್ರ. ಹಾಗಾಗಿ ಲೆಕ್ಕ ಅಲ್ಲಿಂದಲೇ ಶುರುವಾಗಬೇಕು.

ನಿಮ್ಮ ಟೈರ್ ಎತ್ತರ ಸುಮಾರು 26 ಇಂಚು ಎಂದುಕೊಳ್ಳೋಣ. 3.31 ಡಿಫರೆನ್ಷಿಯಲ್‌ನಲ್ಲಿ ಗಂಟೆಗೆ 65 ಮೈಲಿ ಹೋಗುವಾಗ ಎಂಜಿನ್ ಸುಮಾರು 2800 ಆರ್‌ಪಿಎಂ ತಿರುಗುತ್ತದೆ. ಟರ್ಬೊ 400ರಲ್ಲಿ ಓವರ್‌ಡ್ರೈವ್ ಇಲ್ಲ, ಮೂರೇ ಗೇರ್. ನಿಮ್ಮ ಸ್ನೇಹಿತರ ಕ್ಯಾಮ್‌ಗೆ ಒಪ್ಪುವಂಥ 4.10 ಹಾಕಿದರೆ ಅದೇ ವೇಗಕ್ಕೆ 3400 ದಾಟುತ್ತದೆ. ಎರಡು ಗಂಟೆ ಹೈವೇಯಲ್ಲಿ ಆ ಗದ್ದಲದಲ್ಲಿ ಹೆಂಡತಿ ಮಕ್ಕಳು ಕೂರುತ್ತಾರಾ? ಇಲ್ಲ ಅಲ್ವಾ. ಹಾಗಾದರೆ 3.31 ಇರಲಿ. ಅಂದರೆ ನಿಮ್ಮ ಎಂಜಿನ್‌ನ ಬದುಕೆಲ್ಲ 1500ರಿಂದ 5500ರ ಒಳಗೇ ಕಳೆಯುತ್ತದೆ. ಇನ್ನು ಮುಂದೆ ಯಾವ ಪಾರ್ಟ್ ಕೊಂಡರೂ ಈ ಎರಡು ಸಂಖ್ಯೆಗೆ ಒಪ್ಪುತ್ತದಾ ಎಂದು ಕೇಳಿ ಕೊಳ್ಳಿ.

ಹಾಗೇ ಗಾಡಿಯ ಹಿಂದೆ ಬಗ್ಗಿ ಡಿಫರೆನ್ಷಿಯಲ್ ಮುಚ್ಚಳದ ಬೋಲ್ಟ್ ಎಣಿಸಿ. ನಿಜವಾಗಿ 3.31 ಇದ್ದರೆ ಅದು 12 ಬೋಲ್ಟಿನದು ಇರಬೇಕು. 10 ಇದ್ದರೆ ಎಂಜಿನ್‌ಗೆ ದುಡ್ಡು ಹಾಕುವ ಮೊದಲು ಅದನ್ನು ಬದಲಿಸುವ ಬಗ್ಗೆ ಯೋಚಿಸಿ, ಬಿಗ್ ಬ್ಲಾಕ್‌ನ ಎಳೆತ ಆ ಸಣ್ಣ ಕ್ರೌನ್-ಪಿನಿಯನ್ ಬಹಳ ದಿನ ತಡೆಯುವುದಿಲ್ಲ.

ಈಗ ಎಂಜಿನ್‌ಗೆ ಬರೋಣ. ಕಾರು 1969ರದು, 454 ಬಂದದ್ದು 1970ರಲ್ಲಿ. ಹಾಗಾಗಿ ಇದು ಕಾರಿನ ಮೂಲ ಎಂಜಿನ್ ಆಗಿರಲು ಸಾಧ್ಯವೇ ಇಲ್ಲ. ಇದು ಒಳ್ಳೆಯ ಸುದ್ದಿ. ಮೂಲ ಎಂಜಿನ್ ಇರುವ ಎಸ್‌ಎಸ್ (ಶೆವೆಲ್‌ನ ಸ್ಪೋರ್ಟ್ ಮಾದರಿ) ಗಾಡಿಯಾಗಿದ್ದರೆ ಒಂದು ಬೋಲ್ಟ್ ಬದಲಿಸಲೂ ಹತ್ತು ಸಲ ಯೋಚಿಸಿ ಎನ್ನುತ್ತಿದ್ದೆ. ನಿಮಗೆ ಆ ಕಟ್ಟುಪಾಡಿಲ್ಲ. ಆದರೆ ಯಾವ 454 ಎಂದು ತಿಳಿಯಲೇಬೇಕು. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಅಂಚಿನ ಮೇಲೆ, ಎರಕದ ನಂಬರ್ ಇರುತ್ತದೆ. ಗ್ರೀಸ್ ಮತ್ತು ಬಣ್ಣ ಕೂತಿರುತ್ತದೆ. ವೈರ್ ಬ್ರಷ್‌ನಲ್ಲಿ ಉಜ್ಜಿ, ಟಾರ್ಚನ್ನು ಪಕ್ಕದಿಂದ ಹಿಡಿದರೆ ಅಂಕಿಗಳ ನೆರಳು ಬಿದ್ದು ಓದಲು ಸಿಗುತ್ತದೆ. 1990ರವರೆಗಿನದು ಮಾರ್ಕ್ 4 ಮಾದರಿ. 1991ರಿಂದ ಬಂದ ಬ್ಲಾಕ್‌ಗಳಲ್ಲಿ ನೀರಿನ ದಾರಿ ಬೇರೆ, ಕ್ರ್ಯಾಂಕಿನ ಹಿಂದಿನ ಸೀಲ್ ಬೇರೆ, ಹೆಡ್ ಗ್ಯಾಸ್ಕೆಟ್ ಬೇರೆ. ನಿಮ್ಮದು ಮಾರ್ಕ್ 4 ಎಂದುಕೊಂಡೇ ಮುಂದೆ ಬರೆಯುತ್ತೇನೆ.

ಇನ್ನೊಂದು ಎಚ್ಚರ. ಶೆವ್ರೊಲೆಯದೇ ಬೇರೆ ಬಿಗ್ ಬ್ಲಾಕ್‌ಗಳಾದ 396 ಮತ್ತು 427ರ ಕ್ರ್ಯಾಂಕ್ ತನ್ನೊಳಗೇ ಬ್ಯಾಲೆನ್ಸ್ ಆಗಿರುತ್ತದೆ. 454ರದು ಹಾಗಲ್ಲ, ಬ್ಯಾಲೆನ್ಸಿನ ಒಂದು ಪಾಲು ಕ್ರ್ಯಾಂಕಿನ ಮುಂದಿನ ಡ್ಯಾಂಪರ್ ಮತ್ತು ಹಿಂದಿನ ಫ್ಲೆಕ್ಸ್‌ಪ್ಲೇಟ್‌ನಲ್ಲಿದೆ (ಕನ್ವರ್ಟರ್ ಜೋಡಿಸುವ ತಟ್ಟೆ ಅದು). ನೋಡಲು ಎಲ್ಲಾ ಒಂದೇ ಥರ, ಬೋಲ್ಟೂ ಕೂರುತ್ತದೆ. ಒಮ್ಮೆ ಒಂದು ಅಂಗಡಿಯಲ್ಲಿ 454ರದೇ ಕೊಡಿ ಎಂದು ಕೇಳಿ ತಂದ ಫ್ಲೆಕ್ಸ್‌ಪ್ಲೇಟ್ ಹಾಕಿದೆ. ಡಬ್ಬದ ಮೇಲೂ ಹಾಗೇ ಬರೆದಿತ್ತು. ಎಂಜಿನ್ 2000 ದಾಟುತ್ತಿದ್ದಂತೆ ಸ್ಟಿಯರಿಂಗ್ ನಡುಗಲು ಶುರುವಾಯಿತು, ಡ್ಯಾಶ್‌ಬೋರ್ಡ್ ಮೇಲಿಟ್ಟ ಸ್ಪ್ಯಾನರ್ ಜಾರಿ ಕೆಳಗೆ ಬಿತ್ತು. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಪ್ಲೇಟಿನ ಅಂಚಿಗೆ ಬೆಸೆದಿರಬೇಕಾದ ತೂಕದ ತುಂಡೇ ಇಲ್ಲ. ಅಂದಿನಿಂದ ಡಬ್ಬ ಓದುವುದಲ್ಲ, ಪಾರ್ಟ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿಯೇ ದುಡ್ಡು ಕೊಡುತ್ತೇನೆ. ನೀವೂ ಹಾಗೇ ಮಾಡಿ.

ನಿಮ್ಮ ಎಂಜಿನ್‌ಗೆ ಪಿಕಪ್ ಯಾಕಿಲ್ಲ? ಎರಡು ಕಾರಣ ನನಗೆ ಕಾಣುತ್ತವೆ. ಒಂದು, ಟ್ರಕ್ 454ಗಳ ಕಂಪ್ರೆಷನ್ ಕಡಿಮೆ, 8ರ ಆಸುಪಾಸು. ಎರಡು, ಆ ಕಾಲದ ಎಷ್ಟೋ ಟ್ರಕ್‌ಗಳಿಗೆ ಬಂದ ಹೆಡ್‌ಗಳ ಇನ್‌ಟೇಕ್ ದಾರಿ ಬಹಳ ಚಿಕ್ಕದು. ಇಲ್ಲಿನವರು ಅದನ್ನು ಪೀನಟ್ ಪೋರ್ಟ್ ಎನ್ನುತ್ತಾರೆ, ನಮ್ಮ ಕಡಲೆಕಾಯಿಯೇ. ಭಾರ ಹೊತ್ತ ಟ್ರಕ್ ಕೆಳಗಿನ ಆರ್‌ಪಿಎಂನಲ್ಲಿ ಎಳೆಯಬೇಕು, ಅದಕ್ಕೆ ಈ ಹೆಡ್ ಸರಿಯಾದದ್ದೇ. ಆದರೆ 4000 ದಾಟಿದ ಮೇಲೆ ಎಂಜಿನ್‌ಗೆ ಉಸಿರು ಕಟ್ಟುತ್ತದೆ.

ಸ್ನೇಹಿತರ ಸಲಹೆ ಇದಕ್ಕೆ ಪೂರ್ತಿ ಉಲ್ಟಾ ತುದಿ. ರೆಕ್ಟ್ಯಾಂಗಲ್ ಪೋರ್ಟ್ ಅಂದರೆ ಹೆಬ್ಬಾಗಿಲು. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತದೆ, ಬೆರಳು ತೆಗೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಗಾಳಿಯೂ ಹಾಗೇ. ದಾರಿ ಅಗಲವಾದಷ್ಟೂ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ತೂಕಡಿಸುತ್ತಾ ಒಳಗೆ ಬರುತ್ತದೆ. ಪೆಟ್ರೋಲ್ ಅದರ ಜೊತೆ ಸರಿಯಾಗಿ ಬೆರೆಯುವುದಿಲ್ಲ. 6500 ತಿರುಗಿಸುವವರಿಗೆ ಆ ಹೆಡ್ ಬೇಕು. ನಿಮಗೆ ಬೇಕಾದದ್ದು ಇವೆರಡರ ನಡುವಿನ ಓವಲ್ ಪೋರ್ಟ್.

ಓವಲ್ ಪೋರ್ಟ್ ಹೆಡ್‌ನಲ್ಲಿ ಎರಡು ಆಯ್ಕೆ ಇವೆ. ಶೆವ್ರೊಲೆಯ ಹಳೇ ಕಬ್ಬಿಣದ ಹೆಡ್‌ಗಳಲ್ಲಿ ನಂಬರ್ 049 ಅಥವಾ 781ರಿಂದ ಕೊನೆಯಾಗುವವು ರಸ್ತೆಯ ಗಾಡಿಗೆ ಬಹಳ ಒಳ್ಳೆಯವು, ಹಳೇ ಸಾಮಾನಿನ ಬಜಾರಿನಲ್ಲಿ ಸಿಗುತ್ತವೆ. ಆದರೆ ಹೊಸ ಗೈಡ್, ಸೀಟ್, ವಾಲ್ವ್, ಸ್ಪ್ರಿಂಗ್, ಫೇಸಿಂಗ್ ಎಲ್ಲಾ ಮಾಡಿಸುವಷ್ಟರಲ್ಲಿ ಖರ್ಚು ಹೊಸ ಅಲ್ಯೂಮಿನಿಯಂ ಹೆಡ್‌ನ ಹತ್ತಿರ ಬಂದು ನಿಲ್ಲುತ್ತದೆ. ಅದೂ ಅಲ್ಲದೆ ಅವು ತೆರೆದ ಚೇಂಬರಿನ ಹೆಡ್ (ಚೇಂಬರ್ ಅಂದರೆ ಪೆಟ್ರೋಲ್ ಉರಿಯುವ, ಹೆಡ್‌ನೊಳಗಿನ ಗುಳಿ), ಸುಮಾರು 118 ಸಿಸಿ. ನಿಮ್ಮ ಕಂಪ್ರೆಷನ್ ಕಾಯಿಲೆ ಹಾಗೇ ಉಳಿಯುತ್ತದೆ. ಅದಕ್ಕೇ ನಿಮಗೆ ನಾನು ಹೇಳುವುದು ಸುಮಾರು 100 ಸಿಸಿ ಚೇಂಬರ್ ಇರುವ ಓವಲ್ ಪೋರ್ಟ್ ಅಲ್ಯೂಮಿನಿಯಂ ಹೆಡ್.

ಲೆಕ್ಕ ನೋಡಿ. ನಿಮ್ಮ ಒಂದು ಸಿಲಿಂಡರ್ ಸುಮಾರು 930 ಸಿಸಿ. ಪಿಸ್ಟನ್ ತಲೆ ಚಪ್ಪಟೆ ಇದೆ, ವಾಲ್ವ್‌ಗಾಗಿ 3 ಸಿಸಿ ಗುಳಿ ಇದೆ, ಗ್ಯಾಸ್ಕೆಟ್ ಒತ್ತಿದ ಮೇಲೆ 0.040 ಇಂಚು ದಪ್ಪ, ಪಿಸ್ಟನ್ ಮೇಲೆ ಬಂದಾಗ ಬ್ಲಾಕಿನ ಮಟ್ಟಕ್ಕಿಂತ 0.020 ಇಂಚು ಕೆಳಗೆ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. 118 ಸಿಸಿ ಚೇಂಬರ್ ಆದರೆ ಉಳಿಯುವ ಜಾಗ ಸುಮಾರು 135 ಸಿಸಿ, ಕಂಪ್ರೆಷನ್ 7.9. ಅದೇ ಪಿಸ್ಟನ್ ಮೇಲೆ 100 ಸಿಸಿ ಹೆಡ್ ಕೂರಿಸಿದರೆ ಜಾಗ 117ಕ್ಕೆ ಇಳಿಯುತ್ತದೆ, ಕಂಪ್ರೆಷನ್ 8.9ಕ್ಕೆ ಏರುತ್ತದೆ. ಎಂಜಿನ್ ಕೆಳಭಾಗ ಮುಟ್ಟದೆಯೇ ಪೂರ್ತಿ ಒಂದು ಪಾಯಿಂಟ್! ಅಲ್ಯೂಮಿನಿಯಂ ಬಿಸಿಯನ್ನು ಬೇಗ ಬಿಟ್ಟುಕೊಡುವುದರಿಂದ ಡಲ್ಲಾಸ್‌ನ ಬೇಸಿಗೆಯಲ್ಲೂ ನಾಕಿಂಗ್ ಭಯ ಇಲ್ಲ. ಮುಂದೆ ಯಾವಾಗಲಾದರೂ ಬೋರ್ ಮಾಡಿಸಿ ಪಿಸ್ಟನ್ ಬದಲಿಸಿದರೆ ಇದೇ ಹೆಡ್‌ನಲ್ಲಿ 9.5, 10ರವರೆಗೂ ಹೋಗಬಹುದು. ನಿಮ್ಮಲ್ಲಿ ಸಿಗುವ 93 ಆಕ್ಟೇನ್ ಅದಕ್ಕೆ ಸಾಕು. ಊರಿನ ಬಂಕ್‌ನಲ್ಲಿ ಕಾಣುವ 95ಕ್ಕಿಂತ ಇದು ಕಡಿಮೆ ಎಂದುಕೊಳ್ಳಬೇಡಿ. ಅಳೆಯುವ ರೀತಿ ಬೇರೆ, ಅಮೆರಿಕದ 93 ನಮ್ಮ ಲೆಕ್ಕದಲ್ಲಿ ಸುಮಾರು 98.

ಆದರೆ ಆರ್ಡರ್ ಮಾಡುವ ಮೊದಲು ಹಳೇ ಹೆಡ್ ತೆಗೆದು ಪಿಸ್ಟನ್ ಕಣ್ಣಾರೆ ನೋಡಲೇಬೇಕು. ತಲೆ ಚಪ್ಪಟೆ ಇದ್ದರೆ ಸರಿ. ತೆರೆದ ಚೇಂಬರಿಗೆಂದು ಮಾಡಿದ ಗುಮ್ಮಟದ ಪಿಸ್ಟನ್ ಇದ್ದರೆ ಅದು ಮುಚ್ಚಿದ ಚೇಂಬರಿನ ಹೆಡ್‌ಗೆ ಬಡಿಯುತ್ತದೆ. ಚೇಂಬರನ್ನೂ ನೀವೇ ಅಳೆಯಿರಿ, ಕಷ್ಟವಲ್ಲ. ಹೆಡ್ಡನ್ನು ಮಗುಚಿ ಹಾಕಿ, ಪ್ಲಗ್ ಬಿಗಿ ಮಾಡಿ, ಚೇಂಬರ್ ಸುತ್ತ ತೆಳ್ಳಗೆ ಗ್ರೀಸ್ ಹಚ್ಚಿ. ಒಂದು ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯನ್ನು ಅದರ ಮೇಲೆ ಒತ್ತಿ. ಅಳತೆ ಕೊಳವೆಯಿಂದ ಬಣ್ಣದ ನೀರು ಬಿಡುತ್ತಾ ಬನ್ನಿ. ಗಾಳಿಗುಳ್ಳೆ ನಿಧಾನವಾಗಿ ತೂತಿನ ಕಡೆ ಸರಿಯುತ್ತದೆ. ಕೊನೆಯ ಗುಳ್ಳೆ ಹೊರಟಾಗ ಕೊಳವೆಯಲ್ಲಿ ಎಷ್ಟು ಸಿಸಿ ಖಾಲಿಯಾಯಿತೋ ಅದೇ ನಿಮ್ಮ ಚೇಂಬರ್. ಕ್ಯಾಟಲಾಗಿನಲ್ಲಿ ಬರೆದದ್ದಕ್ಕೂ ಇದಕ್ಕೂ ಎರಡು ಮೂರು ಸಿಸಿ ವ್ಯತ್ಯಾಸ ಬರುವುದು ಸಾಮಾನ್ಯ.

ಕ್ಯಾಮ್ ವಿಷಯಕ್ಕೆ ಬಂದರೆ, ಎಲ್ಲರೂ ಮೊದಲು ಕೊಳ್ಳುವುದು ಅದನ್ನೇ. ಐಡಲ್‌ನಲ್ಲಿ ಧಡ್ ಧಡ್ ಎನ್ನುವ ಆ ಸದ್ದು ನನಗೂ ಇಷ್ಟ. ಆದರೆ ಕ್ಯಾಮ್ ಆರಿಸಬೇಕಾದದ್ದು ಉಳಿದ ಎಲ್ಲವೂ ತೀರ್ಮಾನವಾದ ಮೇಲೆ. 305 ಡಿಗ್ರಿ ಎಂಬುದು ಜಾಹೀರಾತಿನ ಸಂಖ್ಯೆ. ಟ್ಯಾಪೆಟ್ ಎಷ್ಟು ಎದ್ದ ಮೇಲೆ ಅಳತೆ ಶುರು ಮಾಡುತ್ತಾರೆ ಎಂಬುದು ಒಂದೊಂದು ಕಂಪನಿಗೆ ಒಂದೊಂದು ರೀತಿ. ಹಾಗಾಗಿ 0.050 ಇಂಚು ಎದ್ದಾಗಿನ ಡ್ಯುರೇಷನ್ ಮಾತ್ರ ಕೇಳಿ, ಅದನ್ನೇ ಹೋಲಿಸಿ.

ದೊಡ್ಡ ಕ್ಯಾಮ್‌ನಲ್ಲಿ ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ. ಪಿಸ್ಟನ್ ಮೇಲೆ ಬರಲು ಶುರು ಮಾಡಿದ್ದರೂ ಬಾಗಿಲು ಇನ್ನೂ ತೆರೆದೇ ಇರುತ್ತದೆ. ಆರ್‌ಪಿಎಂ ಜಾಸ್ತಿ ಇದ್ದರೆ ನುಗ್ಗಿ ಬರುವ ಗಾಳಿ ತನ್ನ ವೇಗದಲ್ಲೇ ಇನ್ನಷ್ಟು ತುಂಬುತ್ತದೆ. ಆರ್‌ಪಿಎಂ ಕಡಿಮೆ ಇದ್ದರೆ ಒಳಗೆ ಬಂದ ಗಾಳಿಯೇ ವಾಪಸ್ ಹೊರಗೆ ಹೋಗುತ್ತದೆ. ಮೊದಲೇ 8 ಕಂಪ್ರೆಷನ್ ಇರುವ ಎಂಜಿನ್, ಅದರಲ್ಲೂ ಸ್ವಲ್ಪ ಸೋರಿ ಹೋದರೆ ಒತ್ತಡ ಎಲ್ಲಿಂದ ಬರಬೇಕು? ಕಡಿಮೆ ಕಂಪ್ರೆಷನ್‌ಗೆ ದೊಡ್ಡ ಕ್ಯಾಮ್ ಹಾಕುವುದರಷ್ಟು ಕೆಟ್ಟ ಜೋಡಿ ಇನ್ನೊಂದಿಲ್ಲ. ಅದರ ಮೇಲೆ ಐಡಲ್‌ನಲ್ಲಿ ವ್ಯಾಕ್ಯೂಮ್ ಬಿದ್ದುಹೋಗುತ್ತದೆ. ನಿಮ್ಮ ಪವರ್ ಬ್ರೇಕ್ ನಡೆಯುವುದು ಅದೇ ವ್ಯಾಕ್ಯೂಮ್‌ನಿಂದ. ಅದು 15 ಇಂಚಿಗಿಂತ (ಪಾದರಸದ ಅಳತೆಯಲ್ಲಿ) ಬಹಳ ಕೆಳಗಿಳಿದರೆ ಎರಡನೇ ಸಲ ಒತ್ತಿದಾಗ ಪೆಡಲ್ ಕಲ್ಲಾಗುತ್ತದೆ. ಮಕ್ಕಳು ಹಿಂದೆ ಕೂತಿರುವ ಗಾಡಿಯಲ್ಲಿ ಇದು ನಾನು ಎಂದೂ ಒಪ್ಪದ ವಿಷಯ.

ನಿಮ್ಮ ಕಂಪ್ರೆಷನ್, ನಿಮ್ಮ 3.31, ನಿಮ್ಮ ಬ್ರೇಕ್ ಎಲ್ಲಾ ನೋಡಿದರೆ 0.050ರಲ್ಲಿ ಇನ್‌ಟೇಕ್‌ಗೆ 218ರಿಂದ 224 ಡಿಗ್ರಿ, ಎಕ್ಸಾಸ್ಟ್‌ಗೆ ಅದಕ್ಕಿಂತ ಆರೇಳು ಡಿಗ್ರಿ ಜಾಸ್ತಿ, ಲೋಬ್ ಸೆಪರೇಷನ್ (ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎತ್ತುವ ಕ್ಯಾಮ್‌ನ ಉಬ್ಬುಗಳ ನಡುವಿನ ಕೋನ) 112 ಡಿಗ್ರಿ ಇರುವ ಹೈಡ್ರಾಲಿಕ್ ಕ್ಯಾಮ್ ಸಾಕು. ಕೇಳಲು ಸಣ್ಣದು ಅನ್ನಿಸಬಹುದು, ಆದರೆ 7.4 ಲೀಟರ್ ಎಂಜಿನ್‌ನಲ್ಲಿ ಸರಿಯಾಗಿ ಎಳೆಯುತ್ತದೆ. ಸ್ಪ್ರಿಂಗ್, ರಿಟೇನರ್, ಟ್ಯಾಪೆಟ್ ಆ ಕ್ಯಾಮ್ ಕಂಪನಿ ಹೇಳಿದ್ದನ್ನೇ ತನ್ನಿ. ಬಜೆಟ್ ಒಪ್ಪಿದರೆ ರೋಲರ್ ಕ್ಯಾಮ್ ಹಾಕಿಸಿ. ಮಾರ್ಕ್ 4ಕ್ಕೆ ಕಂಪನಿಯಿಂದ ಹೈಡ್ರಾಲಿಕ್ ರೋಲರ್ ಬರಲಿಲ್ಲ. ಹಾಗಾಗಿ ಜೋಡಿ ಜೋಡಿಯಾಗಿ ಲೋಹದ ಪಟ್ಟಿಯಿಂದ ಸೇರಿಸಿದ ರೋಲರ್ ಟ್ಯಾಪೆಟ್, ಅದಕ್ಕೆ ತಕ್ಕ ಉದ್ದದ ಪುಶ್‌ರಾಡ್, ಕ್ಯಾಮ್ ಮುಂದೆ ಸರಿಯದಂತೆ ತಡೆಯುವ ಬಟನ್, ಇಷ್ಟೂ ಬೇಕಾಗುತ್ತದೆ. ಖರ್ಚು ಜಾಸ್ತಿ, ಆದರೆ ಲೋಬ್ ಸವೆಯುವ ಚಿಂತೆ ಶಾಶ್ವತವಾಗಿ ಹೋಗುತ್ತದೆ.

ಕಾರ್ಬೊರೇಟರ್‌ಗೆ ಒಂದು ಸರಳ ಲೆಕ್ಕ ಇದೆ. ಘನ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿ. 454, 5500 ಹಾಕಿದರೆ 722 ಬರುತ್ತದೆ. ರಸ್ತೆಯ ಎಂಜಿನ್ ನೂರಕ್ಕೆ ನೂರು ತುಂಬುವುದಿಲ್ಲ, 85 ಎಂದುಕೊಂಡರೆ 614 ಸಿಎಫ್‌ಎಂ. ಹಾಸಿಗೆ ಇದ್ದಷ್ಟು ಕಾಲು ಚಾಚಿ. 1970ರ ಶೆವೆಲ್‌ನ ಎಲ್‌ಎಸ್6, ಅಂದರೆ 450 ಎಚ್‌ಪಿ, 11.25 ಕಂಪ್ರೆಷನ್‌ನ 454ಕ್ಕೇ ಶೆವ್ರೊಲೆ ಇಟ್ಟದ್ದು ಹೋಲಿ ಕಂಪನಿಯ 780 ಸಿಎಫ್‌ಎಂ ಕಾರ್ಬೊರೇಟರ್. ನಿಮಗೆ 750ರದು, ವ್ಯಾಕ್ಯೂಮ್ ಸೆಕೆಂಡರಿ ಇರುವುದು ಧಾರಾಳವಾಯಿತು. ಡಬಲ್ ಪಂಪರ್‌ನಲ್ಲಿ ನೀವು ಕಾಲು ಒತ್ತಿದ ತಕ್ಷಣ ನಾಲ್ಕೂ ಬಾಗಿಲು ತೆರೆದುಬಿಡುತ್ತವೆ. ವ್ಯಾಕ್ಯೂಮ್‌ನದು ಎಂಜಿನ್ ಕೇಳಿದಷ್ಟು ಮಾತ್ರ ತೆರೆಯುತ್ತದೆ. ಭಾರದ ಗಾಡಿ, ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಅದೇ ಸರಿ. ಗಾಡಿ ಜೊತೆ ಹಳೇ ಕ್ವಾಡ್ರಾಜೆಟ್ ಕಾರ್ಬೊರೇಟರ್ ಬಂದಿದ್ದರೆ ಎಸೆಯಬೇಡಿ. ಚೆನ್ನಾಗಿ ಬಲ್ಲವರ ಕೈಯಲ್ಲಿ ರಿಪೇರಿ ಮಾಡಿಸಿದರೆ ಈ ಎಂಜಿನ್‌ಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇರುವುದರಿಂದ ಪಂಪ್ ಡಯಾಫ್ರಾಮ್ ಮತ್ತು ರಬ್ಬರ್ ಪೈಪ್‌ಗಳನ್ನು ಅದಕ್ಕೆ ತಡೆಯುವಂಥವಕ್ಕೆ ಬದಲಿಸಿ.

ಮ್ಯಾನಿಫೋಲ್ಡ್ ಡ್ಯುಯಲ್ ಪ್ಲೇನ್, ಓವಲ್ ಪೋರ್ಟಿನದು. ಎತ್ತರ ಅಳೆದು ತನ್ನಿ, ಏರ್ ಕ್ಲೀನರ್ ಬಾನೆಟ್‌ಗೆ ತಾಗಬಾರದು. ಎಕ್ಸಾಸ್ಟ್‌ಗೆ 1.875 ಇಂಚಿನ ಹೆಡರ್, ಹಿಂದಕ್ಕೆ 2.5 ಇಂಚಿನ ಜೋಡಿ ಪೈಪ್. ಕನ್ವರ್ಟರ್ 2200ರಿಂದ 2400 ಸ್ಟಾಲ್ (ಗಾಡಿ ನಿಂತಿರುವಾಗ ಅದು ಎಂಜಿನ್ನನ್ನು ಏರಲು ಬಿಡುವ ಆರ್‌ಪಿಎಂ) ಸಾಕು. ಇಗ್ನಿಷನ್‌ಗೆ ಜಿಎಂನ ಎಚ್‌ಇಐ ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕುವುದಾದರೆ ಹಳೇ ಪಾಯಿಂಟ್ ಇಗ್ನಿಷನ್ನಿನ ವೈರನ್ನೇ ಸೇರಿಸಬೇಡಿ. ಅದು ರೆಸಿಸ್ಟೆನ್ಸ್ ವೈರ್, ವೋಲ್ಟೇಜ್ ಇಳಿಸಿ ಕೊಡುತ್ತದೆ. ಎಚ್‌ಇಐಗೆ ಪೂರ್ತಿ 12 ವೋಲ್ಟ್ ಬೇಕು. ರೇಡಿಯೇಟರ್ ಫ್ಯಾನ್ ಸುತ್ತ ಶ್ರೌಡ್ (ಗಾಳಿ ಚದುರದಂತೆ ತಡೆಯುವ ಕವಚ) ಇದೆಯಾ ನೋಡಿ, ಎಸಿ ಇರುವ ಗಾಡಿಗೆ ಡಲ್ಲಾಸ್‌ನಲ್ಲಿ ಅದಿಲ್ಲದೆ ಆಗುವುದಿಲ್ಲ.

ಇಷ್ಟು ಮಾಡಿದರೆ 500 ಎಚ್‌ಪಿ ಬರುತ್ತದಾ? ಬರುವುದಿಲ್ಲ. 400ರಿಂದ 425ರ ನಡುವೆ ಬರಬಹುದು, ಟಾರ್ಕ್ 500 ಪೌಂಡ್-ಅಡಿ ಹತ್ತಿರ. ಆದರೆ ಒಂದು ವಿಷಯ ಗಮನಿಸಿ. ಆ ಪ್ರಸಿದ್ಧ ಎಲ್‌ಎಸ್6ಗೆ ಕಂಪನಿ ಬರೆದ ಟಾರ್ಕ್ ಕೂಡ 500 ಪೌಂಡ್-ಅಡಿಯೇ. ಅದರ 450 ಎಚ್‌ಪಿ ಗ್ರಾಸ್ ಲೆಕ್ಕ, ಎಂಜಿನ್ ಬರಿದಾಗಿ ಬೆಂಚಿನ ಮೇಲೆ ಓಡುವಾಗ ಅಳೆದದ್ದು. 1972ರಿಂದ ಶೆವ್ರೊಲೆ ನೆಟ್ ಲೆಕ್ಕ (ಗಾಡಿಯಲ್ಲಿರುವ ಹಾಗೆ ಎಲ್ಲಾ ಪರಿಕರ ಸೇರಿಸಿ ಅಳೆದದ್ದು) ಮಾತ್ರ ಕೊಡಲು ಶುರು ಮಾಡಿತು, ಸಂಖ್ಯೆಗಳು ಒಮ್ಮೆಲೇ ಇಳಿದದ್ದಕ್ಕೆ ಅದೂ ಒಂದು ಕಾರಣ. ನಿಮ್ಮ ಕಾಲಿಗೆ ಗೊತ್ತಾಗುವುದು 2000ದಿಂದ 4500ರವರೆಗಿನ ಟಾರ್ಕ್, ಕಾಗದದ ಮೇಲಿನ ಎಚ್‌ಪಿ ಅಲ್ಲ.

ಜೋಡಿಸುವಾಗ ಒಂದು ಪರೀಕ್ಷೆ ಬಿಡಬೇಡಿ. ಮಕ್ಕಳು ಆಡುವ ಮಾಡೆಲಿಂಗ್ ಕ್ಲೇ ತಂದು, ಚಪಾತಿ ಹಿಟ್ಟಿನ ಉಂಡೆಯಂತೆ ನಾದಿ, ಪಿಸ್ಟನ್ ತಲೆಯ ಮೇಲೆ ವಾಲ್ವ್ ಬರುವ ಜಾಗದಲ್ಲಿ ಅಂಟಿಸಿ. ಹೆಡ್ ಕೂರಿಸಿ, ಕ್ರ್ಯಾಂಕನ್ನು ಕೈಯಿಂದ ಎರಡು ಸುತ್ತು ತಿರುಗಿಸಿ. ಮತ್ತೆ ಹೆಡ್ ತೆಗೆದರೆ ಕ್ಲೇ ಮೇಲೆ ವಾಲ್ವ್‌ನ ಅಚ್ಚು ಮೂಡಿರುತ್ತದೆ. ಬ್ಲೇಡಿನಿಂದ ಅಡ್ಡ ಕೊಯ್ದು ಅತಿ ತೆಳುವಾದ ಜಾಗ ಅಳೆಯಿರಿ. ಇನ್‌ಟೇಕ್ ಕಡೆ 0.080 ಇಂಚು, ಎಕ್ಸಾಸ್ಟ್ ಕಡೆ 0.100 ಇಂಚಿಗಿಂತ ಕಡಿಮೆ ಇರಬಾರದು. ಈ ಕ್ಯಾಮ್‌ನಲ್ಲಿ ಬೇಕಾದಷ್ಟು ಜಾಗ ಇರುತ್ತದೆ ಎಂದು ನನಗೆ ಗೊತ್ತು, ಆದರೂ ಪ್ರತಿ ಎಂಜಿನ್‌ಗೂ ನಾನು ಇದನ್ನು ಮಾಡುತ್ತೇನೆ.

ಫ್ಲಾಟ್ ಟ್ಯಾಪೆಟ್ ಕ್ಯಾಮ್ ಹಾಕಿದರೆ ಮೊದಲ ಅರ್ಧ ಗಂಟೆಯಲ್ಲೇ ಅದರ ಆಯುಸ್ಸು ತೀರ್ಮಾನವಾಗುತ್ತದೆ. ಲೋಬ್‌ಗಳಿಗೆ ಕ್ಯಾಮ್ ಜೊತೆ ಬರುವ ಪೇಸ್ಟ್ ಹಚ್ಚಿ. ಝಿಂಕ್ ಜಾಸ್ತಿ ಇರುವ ಬ್ರೇಕ್-ಇನ್ ಆಯಿಲ್ ಹಾಕಿ, ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿ ಎಲ್ಲಾ ಕಡೆ ಆಯಿಲ್ ಏರಿಸಿ. ಕಾರ್ಬೊರೇಟರ್ ತುಂಬಿಡಿ, ಟೈಮಿಂಗ್ ಹತ್ತಿರಕ್ಕೆ ಇಟ್ಟಿರಿ, ಸುಮ್ನೆ ಕ್ರ್ಯಾಂಕ್ ಮಾಡುತ್ತಾ ಕೂರಬಾರದು. ಸ್ಟಾರ್ಟ್ ಆದ ತಕ್ಷಣ 2000ಕ್ಕೆ ಏರಿಸಿ, 2000ದಿಂದ 2500ರ ನಡುವೆ ಆಡಿಸುತ್ತಾ 20ರಿಂದ 30 ನಿಮಿಷ ಓಡಿಸಿ. ಎಲ್ಲಾದರೂ ನೀರು ಸೋರಿದರೆ ಐಡಲ್‌ನಲ್ಲಿ ಬಿಟ್ಟು ನೋಡಬೇಡಿ, ಎಂಜಿನ್ ಆಫ್ ಮಾಡಿ, ಸರಿ ಮಾಡಿ, ಮತ್ತೆ ಶುರು ಮಾಡಿ. ಮುಗಿದ ಮೇಲೆ ಆಯಿಲ್ ಇಳಿಸಿ, ಫಿಲ್ಟರನ್ನು ಕೊಯ್ದು ಕಾಗದ ಬಿಡಿಸಿ ಬೆಳಕಿಗೆ ಹಿಡಿಯಿರಿ. ಬೂದು ಬಣ್ಣದ ಪೇಸ್ಟ್ ಕಂಡರೆ ಪರವಾಗಿಲ್ಲ, ಹೊಳೆಯುವ ಚೂರು ಇರಬಾರದು.

ಈ ವಾರ ದುಡ್ಡು ಖರ್ಚಿಲ್ಲದ ಮೂರು ಕೆಲಸ ಮಾಡಿ. ಬ್ಲಾಕ್ ನಂಬರ್ ಓದಿ. ವಾಲ್ವ್ ಕವರ್ ತೆಗೆದು ಹೆಡ್ ನಂಬರ್ ಓದಿ. ಎಂಜಿನ್ ಬಿಸಿ ಇರುವಾಗ ಎಂಟೂ ಸಿಲಿಂಡರಿನ ಕಂಪ್ರೆಷನ್ ಗೇಜ್ ಹಾಕಿ ನೋಡಿ. ಯಾವುದಾದರೂ ಒಂದು ಸಿಲಿಂಡರ್ ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಹೊಸ ಹೆಡ್ ಮಾತು ಆಮೇಲೆ. ಮೊದಲು ರಿಂಗ್, ವಾಲ್ವ್ ನೋಡಬೇಕು. ಆ ಎಂಟು ಸಂಖ್ಯೆ ಮತ್ತು ಎರಡು ನಂಬರ್ ಬರೆದು ಕಳಿಸಿ, ಪಿಸ್ಟನ್ ಬಗ್ಗೆ ಮುಂದಿನದು ಅದನ್ನು ನೋಡಿ ಹೇಳುತ್ತೇನೆ.